ಪರದೆಯ ಹಿಂದಿನ ಬಾವಿ

ಎಲ್ಲಿ ಬಿಳಿ ಪರದೆ ಕಂಡರೂ ಅದರ ಹಿಂದಕ್ಕೆ ಹೋಗಿ ಒಮ್ಮೆ ನೋಡಿ ಬರುವುದು ನನ್ನ ಹಳೆಯ ಚಟ. ನಾಟಕದವರ ಪರದೆಯಾಗಲಿ, ಮದುವೆ ಮನೆಯಲ್ಲಿ ಫೋಟೋದವರು ಕಟ್ಟಿದ ಬಟ್ಟೆಯಾಗಲಿ, ಬಿಟ್ಟವಳಲ್ಲ. ಆಸ್ಪತ್ರೆಯಲ್ಲಿ ಮಂಚಕ್ಕೆ ಅಡ್ಡ ಎಳೆದಿದ್ದ ಪರದೆಯ ಹಿಂದೆ ಇಣುಕಿ ನರ್ಸಮ್ಮನಿಂದ ಬೈಸಿಕೊಂಡದ್ದೂ ಉಂಟು.

ಮೊನ್ನೆ ಮೊಮ್ಮಗಳು ತಾನು ಓದುವ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಸಾರ್ವಜನಿಕ ನೀತಿಗೆಂದೇ ಒಂದು ಶಾಲೆ ಇದೆ. ಸರ್ಕಾರ ಯಾವ ಕೆಲಸ ಮಾಡಬೇಕು, ಯಾಕೆ ಮಾಡಬೇಕು, ಮಾಡಿದ್ದರಿಂದ ಯಾರಿಗೆ ಏನಾಯಿತು ಎಂದು ಕಲಿಸುತ್ತಾರಂತೆ. ವಾರಕ್ಕೊಂದು ಉಪನ್ಯಾಸ. ಯಾರು ಬೇಕಾದರೂ ಹೋಗಿ ಕೂರಬಹುದು, ಆಮೇಲೆ ಕಾಫಿ ಬಿಸ್ಕತ್ತು ಕೊಡುತ್ತಾರೆ. ನಾನು ಒಳಗೆ ಹೋದವಳೇ ಚಿತ್ರ ಬೀಳಿಸುವ ಬಿಳಿ ಪರದೆಯ ಹತ್ತಿರ ಹೋಗಿ ಅಂಚು ಎತ್ತಿ ನೋಡಿದೆ. ಹಿಂದೆ ಬರೀ ಗೋಡೆ. ಮಾತಾಡಲು ಬಂದಿದ್ದ ಹೆಣ್ಣುಮಗಳು, ಏನು ಹುಡುಕುತ್ತಿದ್ದೀರಿ ಅಜ್ಜಿ ಎಂದು ಕೇಳಿದಳು. ಹಿಂದೆ ಯಾರಾದರೂ ಕೂತಿದ್ದಾರೇನೋ ನೋಡಿದೆ ಎಂದೆ. ಅವಳು ನಕ್ಕಳು. ಮೊಮ್ಮಗಳು ನಗಲಿಲ್ಲ, ತಲೆ ತಗ್ಗಿಸಿದಳು. ಬರುವಾಗ ಬಸ್ಸಿನಲ್ಲಿ ಕಾರಣ ಹೇಳತೊಡಗಿದೆ. ಬಸ್ಸು ಊರು ಮುಟ್ಟಿತು, ಮಾತು ಮುಗಿಯಲಿಲ್ಲ. ಉಳಿದದ್ದನ್ನು ಬರೆದುಬಿಡಜ್ಜಿ, ಕಾಗುಣಿತ ನಾನು ನೋಡಿಕೊಳ್ಳುತ್ತೇನೆ ಎಂದಳು. ನೋಡಿಕೊಳ್ಳಲಿ. ಅದಕ್ಕೇ ಅಲ್ಲವೇ ಅವಳನ್ನು ಅಷ್ಟು ಓದಿಸಿದ್ದು.

ನನಗೆ ಉಪನ್ಯಾಸದ ರುಚಿ ಹತ್ತಿಸಿದ್ದು ನಮ್ಮಪ್ಪ. ಹೊನ್ನಾಳಿಯಲ್ಲಿ ನಮ್ಮದು ಬಾಡಿಗೆ ಗಾಡಿ. ಅಪ್ಪ ನ್ಯಾಮತಿಗೆ ಬೆಲ್ಲದ ಗಾಡಿ ಹೊಡೆಯುತ್ತಿದ್ದ, ಚನ್ನಗಿರಿಗೆ ಮೆಣಸಿನಕಾಯಿ ಹೊಡೆಯುತ್ತಿದ್ದ. ಮನೆಯಲ್ಲಿದ್ದರೆ ನಾನು ಅದೇಕೆ ಇದೇಕೆ ಎಂದು ಅವ್ವನ ತಲೆ ತಿನ್ನುತ್ತಿದ್ದೆ. ಅದಕ್ಕೆ ಅವ್ವ ನನ್ನನ್ನೂ ಮೂಟೆಯ ಮೇಲೆ ಕೂರಿಸಿ ಕಳಿಸಿಬಿಡುತ್ತಿದ್ದಳು. ಆ ಕಾಲದಲ್ಲಿ ಮೈಸೂರಿನಿಂದ ಕಾಲೇಜಿನ ಮೇಷ್ಟ್ರುಗಳು ನಮ್ಮಂಥ ಊರುಗಳಿಗೆ ಉಪನ್ಯಾಸ ಮಾಡಲು ಬರುತ್ತಿದ್ದರು. ಅಪ್ಪನಿಗೆ ಓದು ಬರಹ ಇಲ್ಲ, ಆದರೆ ಗಾಡಿ ಬಿಟ್ಟ ಊರಲ್ಲಿ ಗ್ಯಾಸ್ ಲೈಟು ಹಚ್ಚಿದ್ದರೆ ಹೋಗಿ ಕೂತೇ ಕೂರುತ್ತಿದ್ದ. ಉಪನ್ಯಾಸ ಚೆನ್ನಾಗಿತ್ತೋ ಇಲ್ಲವೋ ಎಂಬುದಕ್ಕೆ ಅವನದೇ ಒಂದು ಪರೀಕ್ಷೆ ಇತ್ತು. ಹೊರಗೆ ಕಟ್ಟಿದ ಎತ್ತು ಮಲಗಿ ಮೆಲುಕು ಹಾಕುತ್ತಿದ್ದರೆ ಮೇಷ್ಟ್ರು ಒಳ್ಳೆಯವರು. ಎದ್ದು ನಿಂತು ಕೊರಳ ಗಂಟೆ ಅಲ್ಲಾಡಿಸುತ್ತಿದ್ದರೆ ಅಪ್ಪನೂ ಎದ್ದುಬಿಡುತ್ತಿದ್ದ.

ನಮ್ಮ ಜನಕ್ಕೆ ಹರಿಕಥೆ ಗೊತ್ತಿತ್ತು, ಉಪನ್ಯಾಸ ಗೊತ್ತಿರಲಿಲ್ಲ. ಹೊನ್ನಾಳಿಗೆ ಮೊದಲ ಸಲ ಮೇಷ್ಟ್ರೊಬ್ಬರು ಬಂದು ಸಹಕಾರ ಸಂಘದ ಮೇಲೆ ಮಾತಾಡಿದರು. ಮಾತು ಮುಗಿಸಿ ಕೂತರು. ಜನ ಏಳಲಿಲ್ಲ. ಇನ್ನೂ ಕೇಳಬೇಕೆಂಬ ಆಸೆ ಇರಬೇಕು ಎಂದುಕೊಂಡ ಆತ ಸಂತೋಷದಿಂದ ಎದ್ದು ಇನ್ನಷ್ಟು ಹೇಳಿದರು, ಮತ್ತೆ ಕೂತರು. ಆಗಲೂ ಜನ ಏಳಲಿಲ್ಲ. ಮೂರನೇ ಸಲ ಎದ್ದಾಗ ಅವರ ಗಂಟಲು ಬಿದ್ದಿತ್ತು. ಕೊನೆಗೆ ಮುಂದೆ ಕೂತಿದ್ದ ಮುದುಕರೊಬ್ಬರು, "ಮಂಗಳ ಹಾಡಿಬಿಡ್ರೀ ಸ್ವಾಮಿ, ಎತ್ತು ಹಸಿದಾವೆ" ಎಂದರು. ಮಂಗಳ ಆಗದೆ ಎದ್ದರೆ ಪಾಪ ಬರುತ್ತದೆಂದು ಜನ ಕೂತಿದ್ದರು. ಜನ ಕೂತಿದ್ದಾರೆಂದು ಮೇಷ್ಟ್ರು ಮಾತಾಡುತ್ತಿದ್ದರು. ಪಾಪ, ಆತ ತಮ್ಮ ತಾಯಿ ಹೇಳುತ್ತಿದ್ದ ಯಾವುದೋ ಆರತಿ ಹಾಡನ್ನು ರಾಗವಿಲ್ಲದೆ ಹೇಳಿದರು. ಜನ ಎದ್ದು ಕೈ ಮುಗಿದು, ತಟ್ಟೆ ಕಾಣದೆ ಮೇಜಿನ ಮೇಲೇ ಕಾಸು ಹಾಕಿ ಮನೆಗೆ ಹೋದರು.

ಚನ್ನಗಿರಿಯಲ್ಲಿ ಇನ್ನೊಂದು ತಮಾಷೆ. ಅದಕ್ಕೆ ವಿಚಾರಗೋಷ್ಠಿ ಎಂದು ಹೆಸರು. ಒಬ್ಬರು ಹೆಂಡದಂಗಡಿ ಮುಚ್ಚಬೇಕು ಎಂದರು, ಇನ್ನೊಬ್ಬರು ಮುಚ್ಚಿದರೆ ಸರ್ಕಾರದ ಖಜಾನೆ ಗತಿಯೇನು ಎಂದರು. ಮಾತಿಗೆ ಮಾತು ಬೆಳೆಯಿತು. ಆಗ ಊರಿನ ಹಿರಿಯರಿಬ್ಬರು ಎದ್ದು ಹೋಗಿ ಮೇಷ್ಟ್ರುಗಳ ಮಧ್ಯೆ ನಿಂತು, ಓದಿದವರು ನೀವೇ ಹೀಗೆ ಕಚ್ಚಾಡಿದರೆ ಹೇಗೆ ಎಂದು ಬುದ್ಧಿ ಹೇಳಿದರು. ಇಬ್ಬರ ಕೈಗೂ ಎಲೆ ಅಡಿಕೆ ಕೊಟ್ಟು ರಾಜಿ ಮಾಡಿಸಿದರು. ಆ ಇಬ್ಬರೂ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಂದವರು ಎಂದು ಆಮೇಲೆ ಗೊತ್ತಾಯಿತು.

ಯುದ್ಧ ಶುರುವಾಗಿ ಅಕ್ಕಿಗೆ ತಾಪತ್ರಯ ಬಂದ ವರ್ಷ ನ್ಯಾಮತಿಯಲ್ಲಿ ಒಬ್ಬರು, ಅಕ್ಕಿ ಬಿಟ್ಟು ಜೋಳ ತಿನ್ನಿ, ಅದರಲ್ಲಿ ಬಲವಿದೆ ಎಂದು ಬಹಳ ಹೊತ್ತು ಹೇಳಿದರು. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಬಿಟ್ಟು ಬೇರೆ ಕಾಣದ ಜನ ತಮ್ಮನ್ನೇ ಹೊಗಳುತ್ತಿದ್ದಾರೆಂದು ತಿಳಿದು ಚೆನ್ನಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಾನು ಹೇಳಹೊರಟದ್ದು ಪರದೆಯ ವಿಷಯ. ಅದು ನನ್ನ ಮದುವೆಯಾದ ಮೇಲಿನದು.

ನನ್ನನ್ನು ಕೊಟ್ಟದ್ದು ಜಗಳೂರು ಸೀಮೆಯ ಒಂದು ಊರಿಗೆ. ಹೊನ್ನಾಳಿಯಲ್ಲಿ ಹೊಳೆ ಇತ್ತು. ನೀರಿನ ಬಗ್ಗೆ ನಾನು ಯೋಚನೆ ಮಾಡಿದವಳೇ ಅಲ್ಲ. ಗಂಡನ ಊರಲ್ಲಿ ಇದ್ದದ್ದು ಒಂದು ಮೆಟ್ಟಿಲು ಬಾವಿ. ಊರ ನಡುವೆ ಅಗಲವಾಗಿ ತೋಡಿ ಕಲ್ಲಿನ ಮೆಟ್ಟಿಲು ಇಳಿಸಿದ್ದರು. ಮೊಣಕಾಲಿನವರೆಗೂ ನೀರಿಗಿಳಿದು ಕೊಡ ತುಂಬಬೇಕು. ಮೆಟ್ಟಿಲ ತಲೆಯಲ್ಲಿ ನಿಂತರೆ ಎಡಗೈ ಕಡೆಗೆ ನಮ್ಮ ಕೆಳಗಿನ ಕೇರಿ, ಬಲಗೈ ಕಡೆಗೆ ಸಾಹುಕಾರರ ಮೇಲಿನ ಕೇರಿ. ನಮ್ಮ ಕೇರಿಯಿಂದ ಬಾವಿಗೆ ಒಳ್ಳೆಯ ಏರು. ನೀರೇನೋ ಕಲ್ಲುಸಕ್ಕರೆ. ಆದರೆ ಬೇಸಿಗೆ ಬಂತೆಂದರೆ ಕೇರಿಯ ಅರ್ಧ ಜನಕ್ಕೆ ನಾರುಹುಣ್ಣು. ಕಾಲಲ್ಲಿ ಬೊಕ್ಕೆ ಎದ್ದು ಒಡೆದು, ದಾರದಂಥ ಬಿಳಿ ಹುಳದ ತುದಿ ಕಾಣುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು ಕೀವಾಗುತ್ತದೆ.

ನಮ್ಮತ್ತೆ ರುದ್ರವ್ವನಿಗೆ ವರ್ಷ ವರ್ಷ ಬರುತ್ತಿತ್ತು. ಒಂದು ಸಲ ಹುಳ ಹರಿದು, ಬಲಗಾಲು ಸರಿಯಾಗಿ ಊರಲು ಆಗದಂತಾಗಿತ್ತು. ನಾನು ಬಂದ ವರ್ಷ ಎಡಗಾಲಿನಲ್ಲಿ ಕಡ್ಡಿ ಕಟ್ಟಿಕೊಂಡೇ ಕೊಡ ಹೊತ್ತು ಏರು ಹತ್ತುತ್ತಿದ್ದರು. ಮನೆಯ ನೀರಲ್ಲದೆ ಸಾಹುಕಾರರ ಮನೆಗೂ ನೀರು ಹೊರುವ ಕೆಲಸ ನಮ್ಮದೇ. ನಾನು ಹೊರುತ್ತೇನೆ, ನೀವು ಕೂತಿರಿ ಎಂದರೆ, "ಈ ಕಾಲೂ ಹೋದ ಮ್ಯಾಲೆ ಕೂರಾದು ಇದ್ದೇ ಐತಲ್ಲ" ಎನ್ನುತ್ತಿದ್ದರು. ಆ ಎಡಗಾಲೊಂದು ಉಳಿದರೆ ಸಾಕು ಎನ್ನುವುದು ಬಿಟ್ಟು ಬೇರೆ ಹರಕೆ ಅವರಿಗೆ ಇರಲಿಲ್ಲ.

ಆ ಬೇಸಿಗೆಯಲ್ಲೇ ಮೈಸೂರಿನ ಮೇಷ್ಟ್ರೊಬ್ಬರು ಜಗಳೂರಿನ ಅಮಲ್ದಾರರ ಜೊತೆ ನಮ್ಮೂರಿಗೆ ಬಂದರು. ಎರಡು ಸಂಜೆ ಉಪನ್ಯಾಸ, ಅದೂ ಲಾಂದ್ರದ ಚಿತ್ರ ತೋರಿಸಿ. ಗಾಜಿನ ಮೇಲೆ ಬರೆದ ಚಿತ್ರವನ್ನು ಒಂದು ಪೆಟ್ಟಿಗೆಗೆ ತೂರಿಸಿದರೆ ಒಳಗಿನ ದೀಪಕ್ಕೆ ಅದು ದೊಡ್ಡದಾಗಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಆ ಬಟ್ಟೆ ಅಗಸರ ಮನೆಯದು, ಎರಡು ಪಂಚೆ ಕೂಡಿಸಿ ಹೊಲಿದದ್ದು. ಅದನ್ನು ಶಾಲೆಯ ಜಗಲಿಯ ಮುಂದೆ ಕಂಬದಿಂದ ಕಂಬಕ್ಕೆ ಕಟ್ಟಿದರು. ಗಂಡಸರು ಲಾಂದ್ರದ ಜೊತೆ ಅಂಗಳದಲ್ಲಿ. ಹೆಂಗಸರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಬಂತು. ಬಟ್ಟೆ ಹೇಗೂ ಅಡ್ಡ ಇದೆ, ಅವರು ಜಗಲಿಯ ಮೇಲೆ ಕೂರಲಿ, ಗೋಷಾಕ್ಕೂ ಆಯಿತು ಚಿತ್ರಕ್ಕೂ ಆಯಿತು ಎಂದು ಹಿರಿಯರು ತೀರ್ಮಾನ ಮಾಡಿದರು. ಹಿಂದಕ್ಕೂ ಕಾಣಲಿ ಎಂದು ಬಟ್ಟೆಗೆ ನೀರು ಚಿಮುಕಿಸಿದರು. ಆ ನೀರನ್ನು ಹೊತ್ತು ತಂದವಳೂ ನಾನೇ.

ಚಿತ್ರ ಚೆನ್ನಾಗಿಯೇ ಕಂಡಿತು. ಆದರೆ ನನಗೆ ತಲೆ ಕೆಡಲು ಶುರುವಾಯಿತು. ಚಿತ್ರದಲ್ಲಿನ ಗಂಡಸು ಎಡಗೈಯಲ್ಲಿ ಊಟ ಮಾಡುತ್ತಿದ್ದ. ಅವನ ಹೆಂಡತಿಯ ಸೆರಗು ಬಲಗಡೆಗಿತ್ತು. ಕೆಳಗೆ ಏನೋ ಬರೆದಿತ್ತು. ನನಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅದರದೊಂದು ಜಂಬವೂ ಇತ್ತು. ಇಲ್ಲಿ ನೋಡಿದರೆ ಒಂದಕ್ಷರವೂ ಪರಿಚಯದ್ದಲ್ಲ. ಪಕ್ಕದಲ್ಲಿದ್ದ ಅತ್ತೆಯ ಕಿವಿಯಲ್ಲಿ ಕೇಳಿದೆ. ಮೈಸೂರಿನವರು ಹಾಗೇ ಇರಬೇಕು, ಸುಮ್ಮನೆ ನೋಡು ಎಂದರು. ಕೂಗಿ ಕೇಳೋಣವೆಂದರೆ ಹೆಂಗಸರು ಸಭೆಯಲ್ಲಿ ಬಾಯಿ ಬಿಡುವ ಹಾಗಿಲ್ಲ.

ಮೇಷ್ಟ್ರ ಮಾತು ಮಾತ್ರ ಎಲ್ಲ ಕಡೆಗೂ ಒಂದೇ ಥರ ಕೇಳಿಸುತ್ತಿತ್ತು. ಹುಣ್ಣಿನ ಕಾಲು ನೀರಿಗಿಳಿದಾಗ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಅದು ಒಂದು ವರ್ಷ ಬೆಳೆದು ಮುಂದಿನ ಬೇಸಿಗೆಗೆ ಹೊರಗೆ ಬರುತ್ತದೆ. ಅಂದರೆ ಇಂದಿನ ಹುಣ್ಣು ಹೋದ ವರ್ಷದ ನೀರಿನದು. ಕಾಲು ಇಳಿಸದೆ ಹಗ್ಗ ಹಾಕಿ ಸೇದುವ ಬಾವಿ ಇದ್ದರೆ ಹುಳದ ವಂಶವೇ ನಿಲ್ಲುತ್ತದೆ. ಅಲ್ಲಿಯವರೆಗೆ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ಹೀಗೆ ಹೇಳಿದರು. ಜನ ಅದುವರೆಗೂ ಅದನ್ನು ದೇವರ ಕೋಪ ಎಂದೇ ನಂಬಿದ್ದರು. ಅತ್ತೆ ತಮ್ಮ ಕಾಲಿನ ಕಡ್ಡಿಯನ್ನೇ ನೋಡುತ್ತಿದ್ದರು.

ಆಮೇಲೆ ಮೇಷ್ಟ್ರು ನಮ್ಮೂರಿನದೇ ನಕ್ಷೆ ಹಾಕಿಸಿದರು. ನಡುವೆ ಮೆಟ್ಟಿಲು ಬಾವಿ, ಎರಡು ಕಡೆಗೂ ಮನೆಗಳು. "ಕೊಡ ಹಿಡಿದುಕೊಂಡು ಮೆಟ್ಟಿಲ ತಲೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಸೇದುವ ಬಾವಿ ಬರುವುದು ಇಲ್ಲಿ" ಎಂದು ಕೋಲಿನಿಂದ ಕೆಂಪು ಚುಕ್ಕಿ ಮುಟ್ಟಿದರು. ಚುಕ್ಕಿ ನಮ್ಮ ಎಡಗೈ ಕಡೆಗಿತ್ತು. ನಮ್ಮ ಕೇರಿ, ಏರಿನ ಕೆಳಗೆ. ಅಮಲ್ದಾರರು ಗಂಡಸರ ಒಪ್ಪಿಗೆ ಕೇಳಿದರು. ಮೇಲಿನ ಕೇರಿಯವರು ಹೂಂ ಎಂದರು, ಕೆಳಗಿನ ಕೇರಿಯವರು ಗೊಣಗಿದರು. ಆ ಗೊಣಗಾಟ ನಮಗೆ ಅರ್ಥವಾಗಲಿಲ್ಲ. ಗಂಡಸರು ಗೊಣಗದ ದಿನ ಯಾವುದು. ಆಗ ಮೇಷ್ಟ್ರು ಯಾರೂ ಎಣಿಸದ ಒಂದು ಕೆಲಸ ಮಾಡಿದರು. ನೀರು ಹೊರುವವರು ಪರದೆಯ ಆಚೆಗಿದ್ದಾರೆ, ಅವರು ಹೇಳಲಿ ಎಂದರು.

ಅಂಗಳದಲ್ಲಿ ನಗು. ಜಗಲಿಯಲ್ಲಿ ಎಲ್ಲರೂ ಸೆರಗು ಎಳೆದುಕೊಂಡೆವು. ಅತ್ತೆ ಕೆಮ್ಮಿದರು. ಆಮೇಲೆ ಗಟ್ಟಿಯಾಗಿ, "ಆಗ್ಲಿ ಸ್ವಾಮಿ. ಅಲ್ಲೇ ತೋಡಿಸ್ರಿ" ಎಂದರು. ಅವರ ಹಿಂದೆಯೇ ಎರಡು ಕೇರಿಯ ಹೆಂಗಸರೂ ಹೂಂಗುಟ್ಟಿದರು. ಹೆಂಗಸರೂ ಒಪ್ಪಿದರು ಎಂದು ಅಮಲ್ದಾರರು ಸಭೆ ಮುಗಿಸಿದರು. ಈ ಸಲ ಮಂಗಳಕ್ಕೆ ಯಾರೂ ಕಾಯಲಿಲ್ಲ.

ಮನೆಗೆ ಬಂದು ತಟ್ಟೆಗೆ ಮುದ್ದೆ ಇಟ್ಟರೆ ಮಾವ ಮುಟ್ಟಲಿಲ್ಲ, ಅತ್ತೆಯ ಮೇಲೆ ತಿರುಗಿಬಿದ್ದರು.

"ನಿಂಗೇನು ಬುದ್ಧಿ ಕೆಟ್ಟಿತ್ತೇನೇ? ಸಾಹುಕಾರ್ರ ಹಿತ್ತಲಿಗೆ ಬಾವಿ ಕೊಟ್ಟು ಬಂದ್ಯಲ್ಲ."

"ಯಾರ ಹಿತ್ತಲು? ಚುಕ್ಕಿ ಇದ್ದಿದ್ದು ನಮ್ಮ ಕೇರ್ಯಾಗೆ."

"ಕಣ್ಣಿಗೂ ಹುಳ ಬಿದ್ದೈತೆ ನಿಂಗೆ. ಬಲಗಡೆಗಿತ್ತು."

"ನಿಮ್ಗೆ ಎಡ ಬಲ ಯಾವತ್ತು ಗೊತ್ತಿತ್ತು ಹೇಳ್ರಿ. ಎತ್ತು ಹೂಡುವಾಗಲೇ ನೋಡೀನಲ್ಲ."

ಜಗಳ ಬೀದಿಗೆ ಬಂತು. ನೋಡಿದರೆ ಕೇರಿಯ ಎಲ್ಲಾ ಮನೆಯಲ್ಲೂ ಅದೇ ಜಗಳ. ಗಂಡಸರೆಲ್ಲ ಬಲಗಡೆ ಅನ್ನುತ್ತಾರೆ, ಹೆಂಗಸರೆಲ್ಲ ಎಡಗಡೆ. ನನಗೆ ಎಡಗೈಯಲ್ಲಿ ಉಣ್ಣುತ್ತಿದ್ದವನ ನೆನಪಾಯಿತು. ಬೆಳಿಗ್ಗೆ ಒಲೆಯ ಮುಂದೆ ಕೂತವಳು ನನ್ನ ಹಳೆಯ ಸೀರೆಯ ತೆಳ್ಳಗಿನ ಸೆರಗಿನ ಮೇಲೆ ಇದ್ದಿಲಿನಿಂದ ನನ್ನ ಹೆಸರಿನ ಮೊದಲಕ್ಷರ ಬರೆದೆ. ಬಾಗಿಲ ಬೆಳಕಿಗೆ ಹಿಡಿದು ಮುಂದಿನಿಂದ ನೋಡಿದೆ, ತಿರುಗಿಸಿ ಹಿಂದಿನಿಂದ ನೋಡಿದೆ. ಎಡಬಲ ಅದಲುಬದಲಾಗಿತ್ತು. ಮೈಸೂರಿನ ಅಕ್ಷರ ನಮ್ಮ ಮನೆಯಲ್ಲೇ ಹುಟ್ಟಿತ್ತು. ಎಷ್ಟು ಖುಷಿಯಾಯಿತೆಂದರೆ ರೊಟ್ಟಿ ಹೊತ್ತಿದ್ದೂ ತಿಳಿಯಲಿಲ್ಲ. ಅತ್ತೆಯನ್ನು ಒಂದು ಕಡೆ, ಮಾವನನ್ನು ಇನ್ನೊಂದು ಕಡೆ ನಿಲ್ಲಿಸಿ ನಡುವೆ ಸೆರಗು ಹಿಡಿದೆ. ಇಬ್ಬರದೂ ಸರಿ ಎಂದಾಗ ಜಗಳ ಮುಂದುವರಿಸುವುದು ಕಷ್ಟ.

ಅತ್ತೆಗೆ ಖುಷಿಯಾಗಲಿಲ್ಲ. ಅಷ್ಟರಲ್ಲಿ ಕೇರಿಯ ಹೆಂಗಸರು, ಬಾಯಿ ಬಿಟ್ಟವಳು ನೀನು, ಬಾವಿ ಕಳೆದವಳೂ ನೀನೇ ಎಂದು ಅವರ ಮುಖಕ್ಕೇ ಹೇಳಿ ಹೋಗಿದ್ದರು. ಮೇಲಿನ ಕೇರಿಯ ಬಾವಿ ಎಂದರೆ ಮೆಟ್ಟಿಲು ಬಾವಿಗಿಂತಲೂ ಆಚೆ, ಇನ್ನೂ ಏರು. ಆ ಕಾಲಿನಲ್ಲಿ ಅಲ್ಲಿಗೆ ಹೋಗುವುದು ಆಗದ ಮಾತು. ಅವರ ಪಾಲಿಗೆ ಹಳೆಯ ಬಾವಿಯೇ ಗತಿ, ಹುಳವೇ ಗತಿ.

ಸಂಜೆ ಎರಡನೆಯ ಉಪನ್ಯಾಸ. ಅತ್ತೆ ಜಗಲಿಗೆ ಹೋಗಲಿಲ್ಲ. ನನ್ನ ಹೆಗಲು ಹಿಡಿದುಕೊಂಡು ನೇರವಾಗಿ ಅಂಗಳಕ್ಕೆ ನಡೆದರು. ಗಂಡಸರು ಆಚೆ ಈಚೆ ಸರಿದು ದಾರಿ ಬಿಟ್ಟದ್ದು ಮರ್ಯಾದೆಗಲ್ಲ, ಗಾಬರಿಗೆ. ಮೇಷ್ಟ್ರು ಮಾತು ನಿಲ್ಲಿಸಿದರು.

"ನಿನ್ನೆ ಹೂಂ ಅಂದೋಳು ನಾನೇ ಸ್ವಾಮಿ. ನಾನು ಹೂಂ ಅಂದಿದ್ದು ಬಟ್ಟೆ ಹಿಂದ್ಗಡೆ ಕಂಡ ಬಾವೀಗೆ. ಮುಂದ್ಗಡೆ ಬಾವಿ ನಾನು ನೋಡೇ ಇಲ್ಲ. ಅದಕ್ಕೆ ನನ್ನ ಹೂಂ ಹಚ್ಚಬ್ಯಾಡ್ರಿ."

ಅಮಲ್ದಾರರು ಆದದ್ದು ಆಯಿತು, ಕೂತುಕೋ ಎಂದರು. ಮೇಷ್ಟ್ರು ಅವರನ್ನು ಕೈಯಲ್ಲೇ ತಡೆದು, ನಿನ್ನೆಯ ನಕ್ಷೆ ಹಾಕು ಎಂದು ಲಾಂದ್ರದವನಿಗೆ ಹೇಳಿ, ತಾವೇ ಬಟ್ಟೆ ಸರಿಸಿ ಜಗಲಿಗೆ ಹೋದರು. ಹೆಂಗಸರ ನಡುವೆ ಒಬ್ಬ ಗಂಡಸು. ನಾವು ಅಂಗಳದಲ್ಲಿದ್ದೆವು. ಅವರ ಕಾಲು ಮಾತ್ರ ಕಾಣುತ್ತಿತ್ತು. ನಕ್ಷೆ ಬಿದ್ದ ಮೇಲೆ ಆ ಕಡೆಯಿಂದ ಅವರ ಧ್ವನಿ ಬಂತು.

"ಹೌದಲ್ಲ. ಇಲ್ಲಿ ಬೇರೆಯೇ ಊರಿದೆ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ನನಗೆ ಇದ್ದ ರೋಗವೇ ಅವರಿಗೂ ಇತ್ತು, ಅದೇಕೆ ಇದೇಕೆ ಎನ್ನುವುದು. ಅಲ್ಲಿಂದಲೇ ಒಂದು ಪ್ರಶ್ನೆ ಹಾಕಿದರು. ಮೇಲಿನ ಕೇರಿಯ ತಾಯಂದಿರೂ ನಿನ್ನೆ ಇಲ್ಲೇ ಕೂತಿದ್ದಿರಿ. ನಿಮಗೂ ಬಾವಿ ಕೆಳಗಿನ ಕೇರಿಯಲ್ಲೇ ಕಂಡಿರಬೇಕು. ಹಾಗಿದ್ದರೂ ಹೂಂ ಎಂದಿರಿ. ಯಾಕೆ?

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಜಗಲಿಯಿಂದ ಸಾಹುಕಾರರ ಹೆಂಡತಿ ಶಾಂತವ್ವನ ಧ್ವನಿ ಕೇಳಿತು.

"ನಮ್ಮನೆಗೆ ನೀರು ಹೊರೋರು ಕೆಳಗಿನ ಕೇರಿಯೋರೇ ಅಲ್ವೇನ್ರೀ. ಅವರ ಬಾಗ್ಲಾಗೆ ಬಾವಿ ಇದ್ರೆ ನಮ್ಗೆ ನೀರು ಹೊತ್ತಿಗೆ ಬರ್ತೈತೆ. ಅವರ ಕಾಲು ನೆಟ್ಟಗಿದ್ರೆ ತಾನೆ ನಮ್ಮ ಹಂಡೆ ತುಂಬಾದು."

"ನಿಮ್ಮ ಯಜಮಾನರು ಮೇಲಿನ ಕೇರಿಯೇ ಬೇಕು ಎಂದಿದ್ದರಲ್ಲ" ಎಂದರು ಮೇಷ್ಟ್ರು.

"ಅವರು ಕೊಡ ಎತ್ತಿದ್ದು ಯಾವಾಗ?"

ಅಂಗಳದಲ್ಲಿ ನಗು ತಡೆಯುವುದು ಯಾರಿಂದಲೂ ಆಗಲಿಲ್ಲ. ಸಾಹುಕಾರರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಶಾಂತವ್ವ ಹಾಗೆಂದದ್ದು ನಮ್ಮ ಮೇಲಿನ ಕರುಣೆಯಿಂದಲ್ಲ, ತನ್ನ ಹಂಡೆಯ ಚಿಂತೆಯಿಂದ. ಇರಲಿ. ಕರುಣೆ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಹಂಡೆ ದಿನವೂ ಖಾಲಿಯಾಗುತ್ತದೆ.

ಮೇಷ್ಟ್ರು ಬಟ್ಟೆಯಾಚೆಯಿಂದ ಬಂದು, ಬಾವಿಯ ನೀರು ಹೊರುವವರೆಲ್ಲ ಒಂದೇ ಮಾತು ಹೇಳಿದ್ದಾರೆ, ಇನ್ನು ನನಗೆ ಹೇಳುವುದೇನಿಲ್ಲ ಎಂದು ಅಮಲ್ದಾರರ ಮುಖ ನೋಡಿದರು. ಅಮಲ್ದಾರರು ಸಾಹುಕಾರರ ಮುಖ ನೋಡಿದರು. ಸಾಹುಕಾರರು ಪರದೆ ನೋಡಿದರು. ಅದರ ಹಿಂದೆ ಶಾಂತವ್ವ ಇದ್ದಳಲ್ಲ. ಆಗಲಿ ಎಂದರು.

ಆ ನಕ್ಷೆಯಲ್ಲಿ, ಊರ ಬಾವಿ ಮುಟ್ಟುವ ಹಾಗಿಲ್ಲದ ಊರಾಚೆಯ ಹಟ್ಟಿಯವರ ಮನೆ ಒಂದೂ ಇರಲಿಲ್ಲ. ಅವರನ್ನು ಆ ಸಭೆಗೆ ಅಂಗಳಕ್ಕೂ ಕರೆದಿರಲಿಲ್ಲ, ಜಗಲಿಗೂ ಕರೆದಿರಲಿಲ್ಲ. ಅವರು ಎಲ್ಲಿಯ ನೀರು ಕುಡಿಯುತ್ತಾರೆ ಎಂದು ಮೇಷ್ಟ್ರೂ ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ. ಇದನ್ನೂ ಬರೆಯದಿದ್ದರೆ ಕಥೆ ಸುಳ್ಳಾಗುತ್ತದೆ.

ಯುದ್ಧದ ಕಾಲ, ಸಿಮೆಂಟು ಸಿಗಲಿಲ್ಲ. ಕಲ್ಲು ಕಟ್ಟಿ ಬಾವಿ ಮುಗಿಸುವ ಹೊತ್ತಿಗೆ ಮಳೆಗಾಲ ಬಂತು. ಅತ್ತೆ ಮೊದಲ ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, ಸಪ್ಪೆ ಎಂದರು. ಆದರೆ ಆಮೇಲೆ ಒಂದು ದಿನವೂ ಹಳೆಯ ಬಾವಿಯ ನೀರು ಮನೆಗೆ ತರಲು ಬಿಡಲಿಲ್ಲ. ಹೊಲಕ್ಕೆ ಹೋದರೂ ಹೊಸ ಬಾವಿಯ ನೀರನ್ನೇ ಸೋಸಿ ಒಯ್ಯಬೇಕು.

ಮುಂದಿನ ಬೇಸಿಗೆಗೆ ಅವರ ಎಡಗಾಲಿನಲ್ಲಿ ಮತ್ತೆ ಬೊಕ್ಕೆ ಎದ್ದಿತು. ಹುಳ ತಲೆ ಹಾಕಿತು. ಕೇರಿಯವರು ಬಂದು ನೋಡಿ, ಬಾವಿ ಬದಲಾದರೇನು ಹಣೆಬರಹ ಬದಲಾಗುತ್ತದೆಯೇ ಎಂದರು. ಕೆಲವರು ಅಂದೇ ಸಿಹಿ ನೀರೆಂದು ಮೆಟ್ಟಿಲು ಬಾವಿಗೆ ತಿರುಗಿದರು. ಮಾವನೂ ಉಪನ್ಯಾಸ ಎಲ್ಲ ಬುರುಡೆ ಎಂದರು. ನನಗೂ ಅನುಮಾನ ಬಂತು. ಅತ್ತೆ ಕಡ್ಡಿಗೆ ಹುಳ ಸುತ್ತುತ್ತಾ ಹೇಳಿದರು:

"ಇದು ಹೋದ ವರ್ಷ ಕುಡಿದಿದ್ದು. ಆ ಮನುಷ್ಯ ಹಂಗೇ ಹೇಳಿದ್ದ. ನೀವು ಚಿತ್ರ ನೋಡಿದ್ರಿ, ನಾನು ಮಾತು ಕೇಳೀನಿ. ಇನ್ನೊಂದು ಬ್ಯಾಸ್ಗಿ ನೋಡಾನ."

ಆ ಇನ್ನೊಂದು ಬೇಸಿಗೆಗೆ ನಾನು ಕಾದಷ್ಟು ಯಾವ ಹಬ್ಬಕ್ಕೂ ಕಾದಿಲ್ಲ. ಯುಗಾದಿ ಕಳೆದ ಮೇಲೆ ದಿನಾ ಸಂಜೆ ಅತ್ತೆ ಹೊಸ್ತಿಲ ಮೇಲೆ ಕೂತು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಹೆಬ್ಬೆರಳಿನಿಂದ ಒತ್ತಿ ನೋಡಿಕೊಳ್ಳುವರು. ಅವರು ಬಿಟ್ಟ ಕಡೆ ನಾನು ಒತ್ತಿ ನೋಡುವೆ. ಸೊಳ್ಳೆ ಕಚ್ಚಿದ ಗಂಧೆ ಕಂಡರೂ ದೀಪ ತಂದು ಮತ್ತೊಮ್ಮೆ ಒತ್ತಿ ನೋಡುವೆವು. ಮಾವ ನೋಡದವರ ಹಾಗೆ ಬಂದು ನೋಡಿ ಹೋಗುವರು. ಮೆಟ್ಟಿಲು ಬಾವಿಗೆ ತಿರುಗಿದ್ದವರ ಮನೆಗಳಲ್ಲಿ ಮತ್ತೆ ಕಾಲಿಗೆ ಕಡ್ಡಿ ಕಟ್ಟಿದರು. ನಮ್ಮ ಮನೆಯಲ್ಲಿ ಕಟ್ಟಲಿಲ್ಲ.

ಮುಂಗಾರು ಬಿದ್ದು ಹೊಲಕ್ಕೆ ಬೀಜ ಹಾಕಿ ಬಂದ ದಿನ ಅತ್ತೆ ಪೆಟ್ಟಿಗೆ ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ಕಾಲ್ಕಡಗ ಹೊರತೆಗೆದರು. ಮದುವೆಯಲ್ಲಿ ಹಾಕಿದ್ದಂತೆ. ವರ್ಷ ವರ್ಷ ಕಾಲು ಬಾಯುತ್ತದೆಂದು ಬಿಚ್ಚಿಟ್ಟವರು ಮತ್ತೆ ಹಾಕಿರಲೇ ಇಲ್ಲ. ಬಲಗಾಲಿನದಕ್ಕೆ ಕೈ ಹಾಕಲಿಲ್ಲ. ಎಡಗಾಲಿಗೆ ನಾನು ಹರಳೆಣ್ಣೆ ಸವರಿ, ಒತ್ತಿ, ತಿರುಗಿಸಿ ಏರಿಸಿದೆ. ನೋವಿಗೆ ಅತ್ತೆ ಹಲ್ಲು ಕಚ್ಚಿದರು. ಇಷ್ಟು ಬಿಗಿಯಿದ್ದರೆ ಬಿಚ್ಚುವಾಗ ಕಷ್ಟ ಎಂದೆ.

"ಯಾಕೆ ಬಿಚ್ಚಬೇಕು?" ಎಂದರು.